ಬ್ಯಾಗ್‌ಪೈಪ್ ತಗೊಳ್ಳೋಕೆ ಮುಂಚೆ ಪಕ್ಕದವರ ಶ್ರುತಿ ಕೇಳ್ಕೊಳ್ಳಿ

ಎಡಿನ್‌ಬರಾಗೆ ಬಂದ ಹೊಸದ್ರಲ್ಲಿ ಹುಮ್ಮಸ್ಸು ತಡೀಲಾರದೆ ಒಂದು ಸೆಕೆಂಡ್‌ಹ್ಯಾಂಡ್ ಹೈಲ್ಯಾಂಡ್ ಪೈಪ್ ತಗೊಂಡ್ಬಿಟ್ಟೆ, ಅದೇ ರೀ, ಕಿಲ್ಟ್ ಹಾಕ್ಕೊಂಡು ಪೆರೇಡಲ್ಲಿ ಊದ್ತಾರಲ್ಲ ಅದು. ಒಂದೂವರೆ ವರ್ಷ ಪ್ರಾಕ್ಟೀಸ್ ಚಾಂಟರ್‌ನಲ್ಲಿ (ಚಾಂಟರ್ ಅಂದ್ರೆ ಬೆರಳಿಟ್ಟು ಟ್ಯೂನ್ ನುಡಿಸೋ ತೂತಿನ ಕೊಳವೆ) ಪೀಂ ಪೀಂ ಅಂತ ಕಲ್ತು, ಒಂದಿನ ಧೈರ್ಯ ಮಾಡಿ ಪಬ್‌ನಲ್ಲಿ ಎಲ್ಲರೂ ಸೇರಿ ಜನಪದ ಟ್ಯೂನ್ ನುಡಿಸೋ ಸೆಷನ್‌ಗೆ ಹೊತ್ಕೊಂಡು ಹೋದೆ. ನಾಲ್ಕು ಸ್ವರ ಊದಿರ್ಲಿಲ್ಲ, ಫಿಡಲ್ ಬಾರಿಸ್ತಿದ್ದ ಅಜ್ಜ ಬೋ ಕೆಳಗಿಟ್ಟು ಬಿಯರ್ ಗ್ಲಾಸ್ ಎತ್ಕೊಂಡ್ರು. ಬೈಲಿಲ್ಲ ಪಾಪ.

ಬರೀ ಸದ್ದಿನ ಪ್ರಾಬ್ಲಂ ಆಗಿದ್ರೆ ಬಾಗಿಲಾಚೆ ನಿಂತಾದ್ರೂ ಊದ್ತಿದ್ದೆ. ಹೈಲ್ಯಾಂಡ್ ಪೈಪ್‌ನೋರು ‘ಎ’ ಅನ್ನೋ ಸ್ವರ ನಿಜಕ್ಕೂ ಬಿ ಫ್ಲಾಟ್‌ಗಿಂತ ಒಂಚೂರು ಮೇಲಿರುತ್ತೆ, ಅಂದ್ರೆ ಬೇರೆ ವಾದ್ಯಗಳ ‘ಎ’ಗಿಂತ ಅರ್ಧ ಸ್ವರಕ್ಕೂ ಜಾಸ್ತಿ ಮೇಲೆ. ಫಿಡಲ್‌ನೋರು ಬಿರಡೆ ತಿರುಗಿಸಿ ಹೆಂಗೋ ಮೇಲೆ ಬಂದಾರು, ಅಕಾರ್ಡಿಯನ್‌ಗೆ ಬಿರಡೆ ಎಲ್ಲಿಂದ ತರೋದು?

ಆಮೇಲೆ ಸೆಷನ್‌ಗೆ ಹೊಂದಲಿ ಅಂತ ತಗೊಂಡಿದ್ದು ಸ್ಕಾಟಿಷ್ ಸ್ಮಾಲ್‌ಪೈಪ್, 1980ರ ದಶಕದಲ್ಲಿ ಕಾಲಿನ್ ರಾಸ್, ಹೇಮಿಷ್ ಮೂರ್ ಥರದ ಮೇಕರ್‌ಗಳು ಮತ್ತೆ ಚಾಲ್ತಿಗೆ ತಂದ ವಾದ್ಯ. ಬೆರಳು ಇಡೋದು ಹಳೇದ್ರಂತೆಯೇ, ಆದ್ರೆ ಬಾಯಿಂದ ಊದೋ ಹಂಗಿಲ್ಲ, ಬಲ ಮೊಣಕೈ ಕೆಳಗೆ ಕಟ್ಕೊಂಡಿರೋ ತಿದಿ ಒತ್ತಬೇಕು, ಎಡ ಕಂಕುಳಲ್ಲಿ ಚೀಲ. ಮೊದಲ ತಿಂಗಳು ನನ್ನ ನೋಡಿದ್ರೆ ರೆಕ್ಕೆ ಮುರಿದ ಕೋಳಿ ಥರಾನೇ.

ಎ ಶ್ರುತಿಯ ಚಾಂಟರ್ ತಗೊಳ್ಳೋದಾ ಡಿ ಶ್ರುತಿದು ತಗೊಳ್ಳೋದಾ ಅಂತ ತಲೆ ಕೆಡಿಸ್ಕೊಂಡಿದ್ದೆ, ಸೆಷನ್‌ನಲ್ಲಿ ಡಿ ಟ್ಯೂನ್‌ಗಳು ಬಹಳ ಅಲ್ವಾ ಅಂತ. ಇಲ್ಲೇ ಎಲ್ಲರೂ ಜಾರಿ ಬೀಳೋದು! ಎ ಚಾಂಟರ್‌ನಲ್ಲಿ ಇರೋದು ಬರೀ 9 ಸ್ವರ, ಎಯನ್ನ ಷಡ್ಜ ಮಾಡ್ಕೊಂಡ್ರೆ ಹರಿಕಾಂಭೋಜಿ, ಡಿಯನ್ನ ಷಡ್ಜ ಮಾಡ್ಕೊಂಡ್ರೆ ಅದೇ ತೂತುಗಳಲ್ಲಿ ಶಂಕರಾಭರಣ. ಡಿ ಚಾಂಟರ್ ತಗೊಂಡ್ರೆ ಡಿಯಿಂದ ಹರಿಕಾಂಭೋಜಿನೇ ಬರುತ್ತೆ, ಶಂಕರಾಭರಣಕ್ಕೆ ಬೇಕಾದ ಕಾಕಲಿ ನಿಷಾದ (ಮೇಲಿನ ‘ನಿ’) ಸಿಗಲ್ಲ, ಹಂಗಾಗಿ ಡಿ ಟ್ಯೂನ್‌ಗೆ ಎ ಪೈಪೇ ಬೇಕು. ಇದನ್ನ ಅಂಗಡಿಯವರು ಹೇಳಲಿಲ್ಲ, ಊರಲ್ಲಿ ಕಲ್ತ ಸಂಗೀತ ಪಾಠ ಹೇಳ್ತು.

ಡ್ರೋನ್, ಅಂದ್ರೆ ಒಂದೇ ಸ್ವರ ಹಿಡಿದು ನಿಲ್ಲೋ ಕೊಳವೆಗಳ ಬಗ್ಗೆ ಒಂದ್ಮಾತು. ನಮ್ಮ ವಾಲಗದಲ್ಲಿ ಒತ್ತು ಊದೋಕೆ ಬೇರೆಯವರೇ ಇರ್ತಾರೆ, ಇಲ್ಲಿ ಟ್ಯೂನು, ಒತ್ತು ಎರಡೂ ನನ್ನ ಕಂಕುಳಲ್ಲೇ. ಗಿಟಾರ್‌ನೋರು ಕಾರ್ಡ್ (ಸ್ವರಗುಚ್ಛ) ಮೇಲೆ ಕಾರ್ಡ್ ಬದಲಾಯಿಸ್ತಾ ಹೋದ್ರೆ ಡ್ರೋನ್‌ನ ಎ ಮಾತ್ರ ಹಠ ಹಿಡಿದು ಕೂತಿರುತ್ತೆ, ಒಂದೆರಡು ಕಡೆ ಕಿವಿ ಕಚ್ಚುತ್ತೆ, ಆಗ ಡ್ರೋನ್ ಮುಚ್ಚಿಬಿಡ್ತೀನಿ. ಜಿ ಟ್ಯೂನ್ ಬಂದ್ರೆ ಕೈಕಟ್ಟಿ ಕೂರೋದು, ಅದಕ್ಕೆ ಬೇಕಾದ ಸಿ ನನ್ನತ್ರ ಇಲ್ಲ.

ಹೈಲ್ಯಾಂಡ್ ಪೈಪ್ ಮಂಚದ ಕೆಳಗಿದೆ. ಯಾರ ಮನೇಲಾದ್ರೂ ಮದುವೆ ಇದ್ರೆ ಹೇಳಿ, ಬಯಲಲ್ಲಿ ಆದ್ರೆ ಮಾತ್ರ.