ಹಳೇ ಟೆಂಟು, ಒಳ್ಳೇ ಚಾಪೆ

ಮಕ್ಕಳನ್ನು ಕಟ್ಟಿಕೊಂಡು ಕ್ಯಾಂಪಿಂಗ್ ಹೊರಟರೆ ದುಡ್ಡು ಸೋರುವುದೇ ಸಾಮಾನಿಗೆ. ಅಪರೂಪಕ್ಕೆ ಬಿಚ್ಚುವ ಟೆಂಟು ಹೊಸದೇ ಯಾಕೆ ಬೇಕು? ನಾವು ಹಳೆಯದನ್ನೇ ಕೊಂಡೆವು. ಕೊಳ್ಳುವ ಮೊದಲು ಪೂರ್ತಿ ಬಿಚ್ಚಿಸಿ ನೋಡಿದೆ. ಜಿಪ್ ಸಲೀಸಾಗಿ ಓಡಬೇಕು, ಕೋಲು ಸೀಳಿರಬಾರದು. ಒಳಮೈ ಕೈಗೆ ಅಂಟಂಟಾದರೆ ನೀರು ತಡೆಯುವ ಲೇಪ ಹಾಳಾಗಿದೆ ಅಂತಲೇ ಅರ್ಥ. ಅಂಥದ್ದು ಸುಮ್ನೆ ಕೊಟ್ಟರೂ ಬೇಡ.

ಮಲಗುವ ಫೋಮ್ ಚಾಪೆಯಲ್ಲಿ ಮಾತ್ರ ನಾನು ಜಿಪುಣತನ ಮಾಡುವುದಿಲ್ಲ. ರಾತ್ರಿ ನೆಲದ ಚಳಿಯೇ ಜಾಸ್ತಿ ಕಾಡುವುದು, ಅಲ್ವಾ? ಹೊದಿಕೆಗಳೆಲ್ಲ ಮನೆಯವೇ.

ಐಸ್ ಕೊಳ್ಳುವುದನ್ನೂ ಬಿಟ್ಟಿದ್ದೇವೆ. ನೀರಿನ ಬಾಟಲಿಗಳನ್ನೇ ಫ್ರೀಜರಿನಲ್ಲಿ ಗಟ್ಟಿ ಮಾಡಿ ಐಸ್ ಬಾಕ್ಸಿಗೆ ತುಂಬುತ್ತೇವೆ. ಕುತ್ತಿಗೆವರೆಗೆ ತುಂಬಬೇಡಿ, ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ. ಕರಗಿದರೆ ಕುಡಿಯಲು ತಣ್ಣೀರು. ವಾರದ ನಡುವೆ ಹೋದರೆ ಎಷ್ಟೋ ಕಡೆ ಜಾಗದ ಬಾಡಿಗೆಯೂ ಕಡಿಮೆ. ಮಕ್ಕಳಿಗೆ ರಜೆ ಸಿಗಬೇಕಷ್ಟೇ.