ದಿರ್ಹಮ್ ರೇಟು ಏರಿದ್ದಲ್ಲ, ರೂಪಾಯಿ ಇಳಿದದ್ದು

ನಮ್ಮ ಕರಾವಳಿಯಲ್ಲಿ, ಭಟ್ಕಳದಿಂದ ಹಿಡಿದು ಉಳ್ಳಾಲದ ತನಕ, ಗಲ್ಫಲ್ಲಿ ಒಬ್ರಾದ್ರೂ ಇಲ್ಲದ ಕುಟುಂಬ ಹುಡುಕುದು ಕಷ್ಟ, ಹಾಗಾಗಿ "ರೇಟ್ ಎಷ್ಟುಂಟು ಈಗ?" ಅಂತ ಕೇಳಿದ್ರೆ ಯಾವ ರೇಟು ಅಂತ ಯಾರೂ ತಿರುಗಿ ಕೇಳುದಿಲ್ಲ. ದುಬೈ, ಅಬುಧಾಬಿ ಕಡೆ ಓಡುವ ದಿರ್ಹಮ್‌ಗೆ ರೂಪಾಯಿ ಎಷ್ಟು ಅಂತಲೇ. ರೇಟ್ ಏರಿದ ದಿನ ಫ್ಯಾಮಿಲಿ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಬೀಳ್ತದೆ, ಎಲ್ರಿಗೂ ಖುಷಿ. ನಂಗೆ ಮಾತ್ರ ಆ ಖುಷಿ ಪೂರ್ತಿ ಆಗುದಿಲ್ಲ.

ಹಳೇ ಕಥೆ ಎಷ್ಟು ಜನರಿಗೆ ಗೊತ್ತುಂಟೋ ಏನೋ, ಒಂದು ಕಾಲದಲ್ಲಿ ದುಬೈ, ಕುವೈತ್, ಬಹ್ರೇನ್, ಕತಾರ್, ಮಸ್ಕತ್ ಎಲ್ಲ ಕಡೆ ಓಡ್ತಾ ಇದ್ದದ್ದು ನಮ್ಮ ರೂಪಾಯಿಯೇ. ಆದ್ರೆ ಅಲ್ಲಿ ಚಿನ್ನ ಅಗ್ಗ, ಇಲ್ಲಿ ದುಬಾರಿ, ಹಾಗಾಗಿ ಇಲ್ಲಿಂದ ನೋಟು ಹೋಗುದು ಅಲ್ಲಿಂದ ಚಿನ್ನ ಕಳ್ಳದಾರೀಲಿ ಬರುದು, ಆ ನೋಟುಗಳು ತಿರುಗಿ ರಿಸರ್ವ್ ಬ್ಯಾಂಕಿಗೆ ಬಂದಾಗ ನಾವು ವಿದೇಶಿ ಹಣ ಕೊಡ್ಬೇಕು. ಇದನ್ನ ತಡೀಲಿಕ್ಕೆ 1959ರಲ್ಲಿ ಗಲ್ಫಿಗೇ ಅಂತ ಬೇರೆ ನೋಟು ಮಾಡಿದ್ರು. ನೋಡ್ಲಿಕ್ಕೆ ನಮ್ಮ ನೋಟಿನ ಹಾಗೇ, ಬಣ್ಣ ಮಾತ್ರ ಬೇರೆ, ಹತ್ತರದ್ದು ಕೆಂಪು, ನೂರರದ್ದು ಹಸಿರು, ನಂಬರಿನ ಮೊದಲು ಒಂದು 'ಝಡ್' ಅಕ್ಷರ. ಬೆಲೆ ನಮ್ಮ ರೂಪಾಯಿಗೆ ಸಮ.

ಕುವೈತ್ 1961ರಲ್ಲಿ ತನ್ನದೇ ದಿನಾರ್ ತಂತು, ಆಗ ಒಂದು ದಿನಾರ್‌ಗೆ ಹದಿಮೂರು ಚಿಲ್ಲರೆ ರೂಪಾಯಿ. ಈಗ ಅದು 270 ದಾಟಿ ಹೋಗಿದೆ. ಬಹ್ರೇನ್ 1965ರಲ್ಲಿ ಹತ್ತು ರೂಪಾಯಿಗೊಂದು ದಿನಾರ್ ಮಾಡ್ಕೊಂಡಿತು. ಮತ್ತೆ ಬಂತು 1966ರ ಜೂನ್ 6. ಯುದ್ಧ, ಬರಗಾಲ, ಅಮೆರಿಕದ ನೆರವು ನಿಂತದ್ದು, ವರ್ಲ್ಡ್ ಬ್ಯಾಂಕಿನ ಒತ್ತಡ ಎಲ್ಲ ಸೇರಿ ಇಂದಿರಾ ಗಾಂಧಿ ಸರಕಾರ ಡಾಲರಿಗೆ 4.76 ಇದ್ದ ರೂಪಾಯಿಯನ್ನ ಒಂದೇ ಏಟಿಗೆ 7.50ಕ್ಕೆ ಇಳಿಸಿತು. ಗಲ್ಫ್ ರೂಪಾಯಿಯೂ ಜೊತೆಗೇ ಬಿತ್ತು, ದೆಹಲೀಲಿ ಮಾಡಿದ ತೀರ್ಮಾನಕ್ಕೆ ದುಬೈ ಅಂಗಡಿಯವ್ರ ಗಲ್ಲಾದಲ್ಲಿದ್ದ ದುಡ್ಡಿನ ಬೆಲೆ ಕರಗಿತು. ಅವ್ರು ಯಾಕೆ ಸುಮ್ನಿರ್ತಾರೆ? ದುಬೈ ಕತಾರ್ ಸೇರಿ ರಿಯಾಲ್ ತಂದ್ರು, ಅಬುಧಾಬಿ ಬಹ್ರೇನಿನ ದಿನಾರ್ ಹಿಡೀತು, ಒಮಾನ್ ಮಾತ್ರ 1970ರ ತನಕ ತಡೀತು. ನಮ್ಮ ರೂಪಾಯಿ ಹೊರದೇಶದಲ್ಲಿ ಕಳ್ಕೊಂಡ ಅಷ್ಟು ದೊಡ್ಡ ಜಾಗ ಮತ್ತೆ ಸಿಗ್ಲೇ ಇಲ್ಲ, ಇದು ನಂಗೆ ನಿಜವಾಗ್ಲೂ ಬೇಸರದ ವಿಷಯ.

ಈಗಿನ ದಿರ್ಹಮ್ ಹುಟ್ಟಿದ್ದು 1973ರ ಮೇ ತಿಂಗಳಲ್ಲಿ. ಮುಖ್ಯ ವಿಷಯ ಇಲ್ಲುಂಟು: ದಿರ್ಹಮ್ ತಾನಾಗಿ ಏರುದೂ ಇಲ್ಲ ಇಳಿಯುದೂ ಇಲ್ಲ, ಅದನ್ನ ಡಾಲರಿಗೆ ಕಟ್ಟಿ ಹಾಕಿದ್ದಾರೆ. 1980ರಿಂದ ಹೆಚ್ಚುಕಮ್ಮಿ ಒಂದೇ ಜಾಗ, 1997ರಿಂದ ಡಾಲರಿಗೆ 3.6725 ದಿರ್ಹಮ್ ಅಂತ ಗಟ್ಟಿ. ಅಂದ್ರೆ ಡಾಲರ್ ರೇಟನ್ನ 3.67ರಿಂದ ಭಾಗಿಸಿದ್ರೆ ದಿರ್ಹಮ್ ರೇಟ್ ಬಂತು. ಹಾಗೆ ಲೆಕ್ಕ ಹಾಕಿ ನೋಡಿದ್ರೆ 1980ರಲ್ಲಿ ದಿರ್ಹಮ್‌ಗೆ ಎರಡು ರೂಪಾಯಿ ಚಿಲ್ಲರೆ, 1993ರಲ್ಲಿ ಎಂಟೂವರೆ, 2013ರ ಆಗಸ್ಟಲ್ಲಿ ರೂಪಾಯಿ ಕುಸಿದಾಗ 18.70, 2024ರ ಡಿಸೆಂಬರಲ್ಲಿ 23 ದಾಟಿತ್ತು. ಈ ಎಲ್ಲ ವರ್ಷ ದಿರ್ಹಮ್ ನಿಂತಲ್ಲೇ ನಿಂತಿತ್ತು, ಜಾರಿದ್ದು ನಾವು.

1991ನ್ನ ಬಿಡ್ಲಿಕ್ಕಾಗುದಿಲ್ಲ. ಅದರ ಹಿಂದಿನ ವರ್ಷ ಇರಾಕಿನ ಸದ್ದಾಂ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಭಾರತೀಯರನ್ನ, ಸುಮಾರು 1 ಲಕ್ಷ 70 ಸಾವಿರ ಜನರನ್ನ, ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಕರ್ಕೊಂಡು ಬಂದ್ರು. ಅವ್ರು ಕಳಿಸ್ತಿದ್ದ ದುಡ್ಡು ನಿಂತಿತು, ಎಣ್ಣೆ ಬೆಲೆ ಮೇಲೆ ಹೋಯ್ತು, ದೇಶದ ಖಜಾನೆ ಖಾಲಿಯಾಗಿ ಚಿನ್ನ ಅಡ ಇಡುವ ಹಾಗಾಯ್ತು. ಜುಲೈ 1 ಮತ್ತು 3ರಂದು ಎರಡು ಕಂತಲ್ಲಿ ರೂಪಾಯಿ ಇಳಿಸಿದ್ರು, ಡಾಲರ್ 21ರಿಂದ 26ರ ಹತ್ರ ಬಂತು. ಗಲ್ಫ್ ಸಂಬಳಕ್ಕೂ ದೇಶದ ಖಜಾನೆಗೂ ಎಷ್ಟು ಹತ್ತಿರದ ನಂಟು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನಂಗೊತ್ತಿಲ್ಲ.

ರೇಟ್ ಏರಿದ್ರೆ ಲಾಭ ಅಲ್ವಾ ಅಂತ ಕೇಳ್ಬಹುದು. ಆ ತಿಂಗಳಿಗೆ ಹೌದು. ಆದ್ರೆ ಊರಲ್ಲಿ ಗ್ಯಾಸು, ಸಿಮೆಂಟು, ಮಕ್ಕಳ ಫೀಸು ಎಲ್ಲ ರೂಪಾಯಲ್ಲೇ ಅಲ್ವಾ ಏರುದು, ಅಲ್ಲಿ ಹೆಲ್ಪರ್ ಕೆಲಸಕ್ಕೆ ಹೋದವನ ಸಂಬಳ ದಿರ್ಹಮಲ್ಲಿ ವರ್ಷಗಟ್ಟಲೆ ಅಲ್ಲೇ ಇರ್ತದೆ. ಮತ್ತೆ ಎಕ್ಸ್‌ಚೇಂಜ್ ಕೌಂಟರಲ್ಲಿ ಕೊಡುವ ರೇಟು ಫೋನಲ್ಲಿ ಕಾಣುವ ರೇಟಲ್ಲ: 22.60 ಅಂತ ಕಂಡ ದಿನ ಅಲ್ಲಿ 22.35 ಕೊಟ್ರೆ 2,000 ದಿರ್ಹಮ್ ಕಳಿಸುವವನಿಗೆ 500 ರೂಪಾಯಿ ಅಲ್ಲೇ ಹೋಯ್ತು, ಮೇಲಿಂದ ಫೀಸು ಬೇರೆ. ಕೌಂಟರ್ ರೇಟನ್ನ ನಾಲ್ಕು ಕಡೆ ಕೇಳಿ ನೋಡ್ಲೇಬೇಕು.

ಇನ್ನೂ ಏರ್ತದೆ ಅಂತ ಸಂಬಳ ಅಲ್ಲೇ ಇಟ್ಕೊಂಡು ಕಾಯುವವರಿಗೆ 2007ನ್ನ ನೆನಪಿಸ್ತೇನೆ. ವರ್ಷದ ಶುರುವಿಗೆ ಡಾಲರ್ 44ರ ಮೇಲಿತ್ತು, ದಿರ್ಹಮ್ 12. ವರ್ಷದ ಕೊನೆಗೆ ಡಾಲರ್ 39ಕ್ಕೆ ಇಳಿದು ದಿರ್ಹಮ್ 10.70 ಆಯ್ತು. ಜನವರಿಯಲ್ಲಿ 10,000 ದಿರ್ಹಮ್ ಕಳಿಸಿದವನಿಗೆ 1,20,000 ರೂಪಾಯಿ ಬಂತು, ಕಾದು ಕೂತವನಿಗೆ 1,07,000. ಸಾಲದ ಕಂತು, ಮನೆ ಖರ್ಚು ಇರುವವರು ತಿಂಗಳು ತಿಂಗಳು ಕಳಿಸಿಬಿಡಿ.