ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಕೂಡಲೇ ಉಬ್ಬಸ ಇಳಿಯದೇಕೆ?

ಶಿರಸಿ ಕಡೆ ಜಡಿಮಳೆ ಹಿಡಿದರೆ ಉಬ್ಬಸದವರಿಗೆ ಕಷ್ಟದ ದಿನಗಳು. ಸ್ಟೀರಾಯ್ಡ್ ಇನ್‌ಹೇಲರನ್ನು ಎರಡು ದಿನ ಎಳೆದು, ಗುಣವಿಲ್ಲವೆಂದು ಮೂಲೆಗಿಡುವವರಿದ್ದಾರೆ. ಔಷಧದ ತಪ್ಪಲ್ಲ, ಅದು ಕೆಲಸ ಮಾಡುವ ದಾರಿಯೇ ಉದ್ದ.

ತಕ್ಷಣ ಉಸಿರು ಬಿಡಿಸುವ ಸಾಲ್ಬುಟಮಾಲ್ ಜೀವಕೋಶದ ಹೊರಪೊರೆಯ ಗ್ರಾಹಕಕ್ಕೇ (ಔಷಧದ ಸಂದೇಶ ಹಿಡಿಯುವ ಪ್ರೋಟೀನು, ರಿಸೆಪ್ಟರ್) ಅಂಟುತ್ತದೆ, ನಿಮಿಷಗಳಲ್ಲಿ ಆರಾಮ. ಸ್ಟೀರಾಯ್ಡ್ ಕೊಬ್ಬಿನಲ್ಲಿ ಕರಗುವಂಥದ್ದು, ಪೊರೆ ದಾಟಿ ಒಳಗೇ ಹೋಗುತ್ತದೆ. ಅಲ್ಲಿ ಅದರ ಗ್ರಾಹಕ ಎಚ್‌ಎಸ್‌ಪಿ90 ಎಂಬ ಪ್ರೋಟೀನಿನ ಆಸರೆಯಲ್ಲಿ ಕಾದಿರುತ್ತದೆ. ಸ್ಟೀರಾಯ್ಡ್ ಬಂದು ಕೂತೊಡನೆ ಗ್ರಾಹಕದ ಆಕಾರ ಬದಲಾಗಿ, ಕೋಶಕೇಂದ್ರ ಹೊಕ್ಕು, ಸಾಮಾನ್ಯವಾಗಿ ಜೋಡಿಯಾಗಿ ಡಿಎನ್‌ಎ ಹಿಡಿಯುತ್ತದೆ. ಪ್ರತಿ ಗ್ರಾಹಕಕ್ಕೂ ಡಿಎನ್‌ಎ ಹಿಡಿಯುವ ಬೆರಳಿನಂಥ ಮಡಿಕೆ ಎರಡು. ಒಂದೊಂದರಲ್ಲೂ ಒಂದು ಸತುವಿನ ಅಯಾನು, ಅದನ್ನು ಬಿಗಿದ ನಾಲ್ಕು ಸಿಸ್ಟೀನ್ ಎಂಬ ಅಮೈನೋ ಆಮ್ಲ. ಎಷ್ಟು ಅಚ್ಚುಕಟ್ಟು! ಬಳಿಕ ಊತ ತಗ್ಗಿಸುವ ಜೀನ್‌ಗಳಿಂದ ಆರ್‌ಎನ್‌ಎ, ಅದರಿಂದ ಪ್ರೋಟೀನು ತಯಾರಾಗಬೇಕು. ಊತ ಎಬ್ಬಿಸುವ ಜೀನ್‌ಗಳು ಅಡಗಬೇಕು. ಇದಕ್ಕೇ ಗಂಟೆಗಟ್ಟಲೆ ಹೊತ್ತು. ಶ್ವಾಸನಾಳದ ಊತ ಪೂರ್ತಿ ಇಳಿಯಲು ವಾರಗಳೇ ಬೇಕು, ಅದೂ ದಿನ ತಪ್ಪಿಸದೆ ಎಳೆದರೆ.



ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ವಾರಗಟ್ಟಲೆ ನುಂಗಿದವರು ಒಮ್ಮೆಲೇ ಬಿಡಬಾರದು. ಮಿದುಳಿನಲ್ಲಿರುವ ಇದೇ ಗ್ರಾಹಕಗಳು ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಗೆ ಹೋಗುವ ಆದೇಶವನ್ನು ತಡೆದು ಅದನ್ನು ಮಲಗಿಸಿರುತ್ತವೆ. ಅದು ಏಳಲು ಸಮಯ ಬೇಕು. ಡಾಕ್ಟರು ಹೇಳಿದಂತೆ ಡೋಸು ಇಳಿಸುತ್ತ ಬನ್ನಿ.